ಸಿಎಸ್‌ಐಆರ್ ಮಾಡಿದ್ದು ನಮ್ಮ ಮನೇಲಿ ಏನಾದರೂ ಇದೆಯಾ? ಮಕ್ಕಳಿಗೆ ಏನು ತೋರಿಸಲಿ?

ವಿಜ್ಞಾನದ ಮೇಷ್ಟ್ರು, ಶಿವಮೊಗ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಸೆಪ್ಟೆಂಬರ್ 26 ಸಿಎಸ್‌ಐಆರ್ ಹುಟ್ಟಿದ ದಿನ. ಆವತ್ತು ಒಂದು ಪೀರಿಯಡ್ ಅದರ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೇನೆ.

ಇಸ್ರೋ ಅಂದ ಕೂಡಲೇ ಮಕ್ಕಳಿಗೆ ರಾಕೆಟ್ ಕಣ್ಣಿಗೆ ಕಟ್ಟುತ್ತದೆ. ಸಿಎಸ್‌ಐಆರ್ ಅಂದರೆ ಏನೂ ಕಟ್ಟುವುದಿಲ್ಲ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಅಂತ ಬಿಡಿಸಿ ಹೇಳಿದರೂ ಅಷ್ಟೇ. 1942ರಲ್ಲಿ ಶುರುವಾಯಿತು, ಶಾಂತಿ ಸ್ವರೂಪ ಭಟ್ನಾಗರ್ ಅದನ್ನು ಕಟ್ಟಿ ಬೆಳೆಸಿದರು, ಪ್ರಧಾನ ಮಂತ್ರಿಯೇ ಅದರ ಅಧ್ಯಕ್ಷರು, ದೇಶದ ತುಂಬ 37 ಪ್ರಯೋಗಾಲಯಗಳಿವೆ. ಚರ್ಮ, ಔಷಧ, ವಿಮಾನ, ಗಾಜು, ರಸ್ತೆ, ಸಮುದ್ರ, ಆಹಾರ ಹೀಗೆ ಒಂದೊಂದಕ್ಕೂ ಒಂದೊಂದು. ಇದನ್ನೆಲ್ಲ ಬೋರ್ಡ್ ಮೇಲೆ ಬರೆದರೆ ಮಕ್ಕಳು ನೋಟ್ಸ್‌ಗೆ ಇಳಿಸಿಕೊಂಡು ಮರೆಯುತ್ತಾರೆ.

ಮೊನ್ನೆ ಹತ್ತನೇ ಕ್ಲಾಸಿನಲ್ಲಿ ಸುಮ್ನೆ ವಿಷಯ ತೆಗೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, ‘ಸರ್, ಅವರು ಮಾಡಿದ್ದು ನಮ್ಮ ಮನೇಲಿ ಏನಾದ್ರೂ ಇದ್ಯಾ?’ ಅಂದಳು. ಒಳ್ಳೆಯ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಕೊಡಬೇಕು ಅಂತ ಆಸೆ. ಕೈಯಲ್ಲಿ ಹಿಡಿದು ತೋರಿಸುವಂಥದ್ದು, ಇಲ್ಲವೇ ಕ್ಲಾಸಿನಲ್ಲೇ ಮಾಡಿ ನೋಡುವಂಥದ್ದು ಇದ್ದರೆ ಹೇಳಿ. ಈ ಪ್ರಯೋಗಾಲಯಗಳ ಒಳಗೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು.

---

ಮಂಡ್ಯದ ಗುಮಾಸ್ತ

ಮೇಷ್ಟ್ರೇ, ನಿಮಗೂ ಚುನಾವಣಾ ಡ್ಯೂಟಿ ಬಿದ್ದೇ ಇರುತ್ತೆ, ಅಲ್ವಾ? ಹಾಗಾದರೆ ಸಿಎಸ್‌ಐಆರ್ ನಿಮ್ಮ ಕೈಯಲ್ಲೇ ಇತ್ತು. ಮತದಾರರ ಎಡಗೈ ತೋರುಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ತಯಾರಾದದ್ದು. ಅದು ಸಿಎಸ್‌ಐಆರ್‌ನದೇ. ಒಬ್ಬರೇ ಎರಡು ಸಲ ಓಟು ಹಾಕುವುದನ್ನು ತಡೆಯಬೇಕಿತ್ತು, ಅದಕ್ಕೆ 1950ರ ದಶಕದಲ್ಲಿ ಅಲ್ಲಿನ ರಸಾಯನ ವಿಜ್ಞಾನಿಗಳು ಇದನ್ನು ಹದಕ್ಕೆ ತಂದರು. 1962ರ ಚುನಾವಣೆಯಿಂದ ಅದನ್ನು ತಯಾರಿಸುತ್ತಿರುವುದು ನಮ್ಮ ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ. ಈಗ ರಾಜ್ಯ ಸರ್ಕಾರದ್ದು. ಹೊರದೇಶಗಳ ಚುನಾವಣೆಗೂ ಇಲ್ಲಿಂದಲೇ ಶಾಯಿ ಹೋಗುತ್ತದೆ.

ಅದರಲ್ಲಿರುವ ಮುಖ್ಯ ವಸ್ತು ಬೆಳ್ಳಿಯ ನೈಟ್ರೇಟ್. ಚರ್ಮದ ಮೇಲೆ ಬೆವರಿನ ಉಪ್ಪು ಇರುತ್ತದಲ್ಲ, ಅದರ ಜೊತೆ ಸೇರಿ ಬೆಳ್ಳಿಯ ಕ್ಲೋರೈಡ್ ಆಗುತ್ತದೆ. ಅದು ನೀರಿಗೂ ಬಿಡಲ್ಲ, ಸೋಪಿಗೂ ಬಿಡಲ್ಲ. ಬಿಸಿಲು ತಾಗಿದ ಹಾಗೆ ಕಪ್ಪಾಗುತ್ತಾ ಹೋಗುತ್ತದೆ. ಚರ್ಮದ ಮೇಲಿನ ಪದರ ಉದುರಿ ಹೊಸದು ಬರಬೇಕು, ಉಗುರು ಬೆಳೆದು ಮುಂದಕ್ಕೆ ಬರಬೇಕು, ಆಗಲೇ ಗುರುತು ಹೋಗೋದು. ಡ್ಯೂಟಿಯಲ್ಲಿ ನಮಗೆ ಹೇಳಿಕೊಟ್ಟದ್ದು ನೆನಪಿದೆ: ಬೆರಳಿಗೆ ಎಣ್ಣೆ ಸವರಿಕೊಂಡು ಬಂದಿದ್ದರೆ ಮೊದಲು ಬಟ್ಟೆಯಲ್ಲಿ ಒರೆಸಿ, ಆಮೇಲೆ ಶಾಯಿ. ಯಾಕೆ ಅಂತ ಈಗ ಮಕ್ಕಳೇ ಹೇಳಬಹುದು.

ನಿಮ್ಮ ಹತ್ತನೇ ಕ್ಲಾಸಿನ ಮೊದಲ ಪಾಠದಲ್ಲೇ ಬೆಳ್ಳಿಯ ಕ್ಲೋರೈಡ್ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುವ ಚಟುವಟಿಕೆ ಇದೆ. ಅದನ್ನು ಮಾಡಿ ತೋರಿಸಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಮನೇಲಿ ಏನಿದೆ ಅಂತ ಕೇಳಿದ ಹುಡುಗಿಗೆ ಹೇಳಿ, ಮುಂದಿನ ಚುನಾವಣೆಯಲ್ಲಿ ಅಮ್ಮನ ಬೆರಳಿನಲ್ಲೇ ಇರುತ್ತೆ ಅಂತ.

---

ಮೈಸೂರಿನ ನಿವೃತ್ತ ಟೆಕ್ನಿಷಿಯನ್

ಮೇಷ್ಟ್ರೇ, ನಾನು ಒಳಗಿದ್ದವನು. ವಿಜ್ಞಾನಿ ಅಲ್ಲ. ಸಿಎಸ್‌ಐಆರ್‌ನ ಆಹಾರ ಪ್ರಯೋಗಾಲಯವಾದ ಸಿಎಫ್‌ಟಿಆರ್‌ಐನ ಪೈಲಟ್ ಪ್ಲಾಂಟಿನಲ್ಲಿ ಡ್ರೈಯರ್, ಬಾಯ್ಲರ್ ನೋಡಿಕೊಳ್ಳುತ್ತಿದ್ದ ಟೆಕ್ನಿಷಿಯನ್. ಅದಕ್ಕೇ ನನ್ನ ಮಾತು ಬೇರೆ ಕಡೆಯಿಂದ ಶುರುವಾಗುತ್ತದೆ, ಸ್ವಲ್ಪ ಉದ್ದ ಆದರೂ ಓದಿ.

ಮೈಸೂರಿನ ಚೆಲುವಾಂಬ ಮ್ಯಾನ್ಷನ್ ನೋಡಿದ್ದೀರಾ? ಅರಮನೆಯಂಥ ಬಿಳಿ ಕಟ್ಟಡ. 1950ರ ಅಕ್ಟೋಬರ್ 21ರಂದು ಅಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ನಮ್ಮ ಸಿಎಫ್‌ಟಿಆರ್‌ಐ ಶುರುವಾಯಿತು. ಆಗ ದೇಶದಲ್ಲಿ ಊಟಕ್ಕೇ ಕಷ್ಟ. ಹಾಗಾಗಿ ಅಲ್ಲಿ ಕೇಳಿಕೊಂಡ ಪ್ರಶ್ನೆಗಳೂ ಹಾಗೇ ಇದ್ದವು. ಕಡಲೆಕಾಯಿಯಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಅಷ್ಟೊಂದು ಪ್ರೊಟೀನ್ ಇದೆ, ಅದನ್ನು ಮನುಷ್ಯರು ತಿನ್ನುವ ಹಾಗೆ ಮಾಡಲು ಆಗುತ್ತಾ? ಕೊಯ್ದ ಹಣ್ಣು ಸಂತೆಗೆ ಹೋಗುವಷ್ಟರಲ್ಲಿ ಕೊಳೆಯುತ್ತದೆ, ತಡೆಯೋದು ಹೇಗೆ?

ಇದರಲ್ಲಿ ನಿಮ್ಮ ಮಕ್ಕಳಿಗೆ ಹೇಳಲೇಬೇಕಾದದ್ದು ಎಮ್ಮೆ ಹಾಲಿನ ಕತೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಡಬ್ಬಿಯ ಶಿಶು ಆಹಾರ ಹೊರದೇಶದಿಂದ ಬರುತ್ತಿತ್ತು. ಅದೆಲ್ಲ ಹಸುವಿನ ಹಾಲಿನ ಪುಡಿ. ನಮ್ಮಲ್ಲಿ ಜಾಸ್ತಿ ಇದ್ದದ್ದು ಎಮ್ಮೆ ಹಾಲು. ಎಮ್ಮೆ ಹಾಲಿನಿಂದ ಮಗುವಿಗೆ ಕೊಡುವಂಥ ಪುಡಿ ಮಾಡಲು ಆಗಲ್ಲ ಅನ್ನೋದು ಆಗಿನ ನಂಬಿಕೆ. ಅದಕ್ಕೆ ಕಾರಣವೂ ಇತ್ತು. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ 4ರ ಆಸುಪಾಸು, ಎಮ್ಮೆ ಹಾಲಿನಲ್ಲಿ 7ರ ಹತ್ತಿರ. ಕೇಸಿನ್ ಅನ್ನುವ ಪ್ರೊಟೀನೂ ಜಾಸ್ತಿ. ಮಗುವಿನ ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಒಡೆಯುತ್ತದೆ, ಜೀರ್ಣ ಆಗೋದು ಕಷ್ಟ. ನಮ್ಮ ಸಂಸ್ಥೆಯವರು 1950ರ ದಶಕದಲ್ಲಿ ಇದರ ಹಿಂದೆ ಬಿದ್ದರು. ಕೊಬ್ಬು ಇಳಿಸಿದರು. ಹಾಲು ಮೆತ್ತಗೆ ಒಡೆಯುವ ಹಾಗೆ ಹದ ಮಾಡಿದರು. ವಿಟಮಿನ್ ಸೇರಿಸಿ ಪುಡಿ ಮಾಡಿದರು. ಗುಜರಾತಿನ ಆನಂದ್ ಊರಿನ ಹಾಲು ಒಕ್ಕೂಟ ಅದನ್ನು ತೆಗೆದುಕೊಂಡು ಕಾರ್ಖಾನೆಯಲ್ಲಿ ಮಾಡಿ ಮಾರಿತು. ಅಮುಲ್ ಡಬ್ಬಿ ಮನೆಮನೆಗೆ ಬಂದದ್ದು ಹಾಗೆ. ಇವರು ಮಾಡಿಕೊಟ್ಟದ್ದನ್ನು ಅಲ್ಲಿ ಒಬ್ಬರು ಕೈಗೆತ್ತಿಕೊಂಡರು ಅನ್ನೋದನ್ನು ಮರೆಯಬೇಡಿ, ನನ್ನ ಮಾತೆಲ್ಲ ಅದರ ಮೇಲೇ ಇದೆ.

ಕ್ಲಾಸಿನಲ್ಲಿ ಇದನ್ನು ತೋರಿಸಬಹುದು. ಹಸುವಿನ ಹಾಲು, ಎಮ್ಮೆ ಹಾಲು ಒಂದೇ ಅಳತೆ ತಗೊಳ್ಳಿ. ಎರಡನ್ನೂ ಬಿಸಿ ಮಾಡಿ ನಿಂಬೆರಸ ಹಿಂಡಿ ಒಡೆಸಿ. ಬಟ್ಟೆಯಲ್ಲಿ ಸೋಸಿ, ಮಕ್ಕಳ ಕೈಗೆ ಕೊಟ್ಟು ಹಿಚುಕಲು ಹೇಳಿ. ಯಾವುದು ಗಟ್ಟಿ ಅಂತ ನೀವು ಹೇಳಬೇಕಾಗಿಲ್ಲ.

ಇನ್ನು ಪುಡಿ ಮಾಡೋದು. ಹಾಲನ್ನು ಮೊದಲು ಇಂಗಿಸಿ ಮಂದ ಮಾಡುತ್ತಾರೆ. ಆಮೇಲೆ ಎರಡು ಮಾಳಿಗೆ ಎತ್ತರದ ಸ್ಟೀಲ್ ಕೋಣೆಯ ಮೇಲ್ಗಡೆಯಿಂದ ಮಂಜಿನ ಹಾಗೆ ಸಿಡಿಸುತ್ತಾರೆ. ಒಳಗೆ ಹೋಗುವ ಗಾಳಿ 180 ಡಿಗ್ರಿಯ ಆಸುಪಾಸು. ಹಾಲು ಸುಟ್ಟು ಹೋಗಲ್ವಾ ಅಂತ ನೋಡಲು ಬಂದವರೆಲ್ಲ ಕೇಳುತ್ತಿದ್ದರು. ಹೋಗಲ್ಲ. ಹನಿಯಲ್ಲಿ ನೀರು ಇರುವ ತನಕ ಅದು ಆವಿಯಾಗುತ್ತಾ ಹನಿಯನ್ನು ತಣ್ಣಗೇ ಇಡುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಒಣಗಿ ಪುಡಿಯಾಗಿ ಕೆಳಗೆ ಬೀಳುತ್ತದೆ. ಬಾಗಿಲ ಹತ್ತಿರ ನಿಂತರೆ ಹಾಲು ಕಾಸುವ ವಾಸನೆ. ಸ್ವಲ್ಪ ಸೀದ ವಾಸನೆ ಬಂತು ಅಂದರೆ ಗೋಡೆಗೆ ಪುಡಿ ಅಂಟಿದೆ ಅಂತ ಲೆಕ್ಕ. ಮೀಟರ್ ನೋಡುವ ಮೊದಲೇ ಮೂಗು ಹೇಳುತ್ತಿತ್ತು. ಆಮೇಲೆ ಎಲ್ಲ ನಿಲ್ಲಿಸಿ, ಒಳಗೆ ಇಳಿದು ಕೆರೆಯಬೇಕು.

ಮೇಜಿನ ಮೇಲಿನ ಪುಟ್ಟ ಡ್ರೈಯರ್‌ನಲ್ಲಿ ಚೆನ್ನಾಗಿ ಬಂದ ಪುಡಿ ದೊಡ್ಡದರಲ್ಲಿ ಬರಲ್ಲ. ಪಾತ್ರೆ ದೊಡ್ಡದಾದರೆ ಬಿಸಿ ಏರುವ ಹೊತ್ತು ಬದಲಾಗುತ್ತದೆ, ಹನಿಯ ಗಾತ್ರ ಬದಲಾಗುತ್ತದೆ, ಪಂಪಿನಲ್ಲಿ ಹಾಲು ನಿಲ್ಲುವ ಸಮಯ ಬದಲಾಗುತ್ತದೆ. ಒಂದು ಲೀಟರ್‌ಗೆ ಗೊತ್ತಿದ್ದ ವಿದ್ಯೆ ಸಾವಿರ ಲೀಟರ್‌ಗೆ ಸಾಲಲ್ಲ. ಈ ಮಧ್ಯದ ಮೆಟ್ಟಿಲೇ ಪೈಲಟ್ ಪ್ಲಾಂಟ್. ನನ್ನ ಪ್ರಕಾರ ವೈಜ್ಞಾನಿಕ ಮತ್ತು ಕೈಗಾರಿಕಾ ಅಂತ ಹೆಸರಿನಲ್ಲಿ ಎರಡು ಮಾತು ಇದೆಯಲ್ಲ, ಆ ಎರಡೂ ಕೂಡುವ ಜಾಗ ಅದೊಂದೇ. ಪೇಪರ್ ಬರೆದವರ ಹೆಸರು ಗೋಡೆ ಮೇಲೆ ಇರುತ್ತದೆ. ವಾಲ್ವ್ ತಿರುಗಿಸಿದವರ ಹೆಸರೂ ಮಕ್ಕಳಿಗೆ ಗೊತ್ತಾಗಬೇಕು. ನಿಮ್ಮ ಶಾಲೆಯ ಎಷ್ಟೋ ಮಕ್ಕಳು ಐಟಿಐ, ಡಿಪ್ಲೊಮಾ ಓದುತ್ತಾರೆ. ಸಂಶೋಧನೆಯಲ್ಲಿ ಅವರಿಗೂ ಜಾಗ ಇದೆ ಅಂತ ದಯವಿಟ್ಟು ಹೇಳಿ.

ಮೈಸೂರಿನ ಹೊರಗಿನ ಉದಾಹರಣೆ ಬೇಕಾದರೆ ಸ್ವರಾಜ್ ಟ್ರ್ಯಾಕ್ಟರ್. ನಿಮ್ಮೂರಿನ ರಸ್ತೆಯಲ್ಲೂ ಓಡಾಡುತ್ತಿರುತ್ತೆ. ದುರ್ಗಾಪುರದ ಸಿಎಸ್‌ಐಆರ್ ಪ್ರಯೋಗಾಲಯದಲ್ಲಿ ಹೊರದೇಶದ ಲೈಸೆನ್ಸ್ ಇಲ್ಲದೆ ವಿನ್ಯಾಸ ಮಾಡಿದ್ದು. ಪಂಜಾಬ್ ಸರ್ಕಾರ ಅದಕ್ಕೆ ಕಂಪನಿ ಕಟ್ಟಿತು, 1974ರಲ್ಲಿ ಮೊಹಾಲಿಯಿಂದ ಟ್ರ್ಯಾಕ್ಟರ್ ಹೊರಬಂತು. ಅದು ಗೆದ್ದದ್ದಕ್ಕೆ ನನಗೆ ಕಾಣುವ ಕಾರಣ ಒಂದೇ. ಪ್ರಯೋಗಾಲಯದಲ್ಲಿ ಅದರ ಮೇಲೆ ಕೆಲಸ ಮಾಡಿದ ಎಂಜಿನಿಯರುಗಳೇ ಕಾರ್ಖಾನೆಗೆ ಹೋದರು. ಬರೀ ನಕ್ಷೆ ಹೋಗಿದ್ದರೆ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

---

ಬನವಾಸಿ ಕಡೆಯವ

ಮೇಲಿನ ಹಿರಿಯರು ಬರೆದದ್ದು ಓದಿ ಖುಷಿಯಾಯಿತು. ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ಮಕ್ಕಳಿಗೆ ಬರೀ ಗೆದ್ದ ಕತೆ ಹೇಳಿದರೆ ಸಾಲದು.

ನಮ್ಮ ಕಡೆ ಅನಾನಸ್ ಜಾಸ್ತಿ. ಬೆಲೆ ಬಿದ್ದಾಗ ತೋಟದಲ್ಲೇ ಬಿಡುತ್ತಾರೆ. ಪುಡಿ ಮಾಡಿ ಮಾರೋಣ ಅಂತ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯಿಂದ ತಂತ್ರಜ್ಞಾನ ತಗೊಂಡೆ. ಯಾವುದು ಅಂತ ಹೇಳಲ್ಲ, ಅದು ಮುಖ್ಯ ಅಲ್ಲ. ಫೀ ಕಟ್ಟಿದೆ, ಒಪ್ಪಂದಕ್ಕೆ ಸಹಿ ಹಾಕಿದೆ. ಕೆಲವು ಪುಟಗಳ ವಿವರ ಕೊಟ್ಟರು, ಚಿಕ್ಕದೊಂದು ಟ್ರೈನಿಂಗ್ ಕೊಟ್ಟರು. ಅಲ್ಲಿ ಪುಡಿ ಚೆನ್ನಾಗೇ ಬಂತು. ಊರಿಗೆ ಬಂದು ಸಾಲ ಮಾಡಿ ಮಷೀನು ಹಾಕಿದೆ. ಬೇಸಿಗೆಯಲ್ಲಿ ಪರವಾಗಿಲ್ಲ. ಮಳೆಗಾಲ ಶುರುವಾದ ಮೇಲೆ ಪುಡಿ ಹೊರಗೆ ತೆಗೆಯುವಷ್ಟರಲ್ಲೇ ಅಂಟು. ಪ್ಯಾಕೆಟ್ ಒಳಗೆ ಕಲ್ಲು. ಅಂಗಡಿಯವರು ವಾಪಸ್ ಕಳಿಸಿದರು. ಫೋನ್ ಮಾಡಿದರೆ, ‘ನಮ್ಮಲ್ಲಿ ಸರಿ ಬಂದಿದೆಯಲ್ಲ’ ಅನ್ನುವ ಉತ್ತರ. ಅಲ್ಲಿ ಕಲಿಸಿಕೊಟ್ಟವರಿಗೆ ವರ್ಗ ಆಗಿತ್ತು. ಬ್ಯಾಂಕಿನವರಿಗೆ ಇದೆಲ್ಲ ಹೇಳಿದರೆ ಅರ್ಥ ಆಗುತ್ತಾ?

ಸಂಶೋಧನೆ ಸುಳ್ಳು ಅಂತ ನಾನು ಹೇಳಲ್ಲ. ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿ ಕೈಹಿಡಿಯುವವರು ಇಲ್ಲ ಅಷ್ಟೇ.

---

ಮೈಸೂರಿನ ನಿವೃತ್ತ ಟೆಕ್ನಿಷಿಯನ್

ಬನವಾಸಿಯವರೇ, ನೀವು ಬರೆದದ್ದು ಓದಿ ಬೇಜಾರಾಯಿತು. ನಿಮ್ಮ ಮಾತು ಸರಿ. ಸಂಶೋಧನಾಲಯದ ಕೆಲಸ ಒಪ್ಪಂದಕ್ಕೆ ಸಹಿ ಬಿದ್ದಲ್ಲಿಗೆ ಮುಗಿಯಬಾರದು. ನಿಮ್ಮ ಶೆಡ್ಡಿನಲ್ಲಿ ಒಂದು ಮಳೆಗಾಲ ಕಳೆಯುವ ತನಕ ಅವರೇ ಜೊತೆಗಿರಬೇಕು. ಇದನ್ನು ನಾನು ಸರ್ವಿಸಿನಲ್ಲಿದ್ದಾಗಲೂ ಹೇಳುತ್ತಿದ್ದೆ.

ನಿಮ್ಮ ಪುಡಿಗೆ ಏನಾಗಿದೆ ಅಂತ ಇಲ್ಲಿಂದಲೇ ಊಹಿಸಬಲ್ಲೆ. ಅನಾನಸ್‌ನಲ್ಲಿ ಸಕ್ಕರೆ, ಹುಳಿ ಎರಡೂ ಜಾಸ್ತಿ. ಇಂಥ ಹಣ್ಣಿನ ಪುಡಿ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ, ಸ್ವಲ್ಪ ಬಿಸಿ ಇದ್ದರೂ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ಮೈಸೂರಿನ ಒಣ ಹವೆಯಲ್ಲಿ ನಡೆದದ್ದು ಮಲೆನಾಡಿನ ಆಷಾಢದಲ್ಲಿ ನಡೆಯಲ್ಲ. ಮೂರು ಕಡೆ ನೋಡಿ. ಒಣಗಿಸುವ ಮೊದಲು ರಸಕ್ಕೆ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡುವ, ಅಂಟದ ಹಾಗೆ ತಡೆಯುವ ಪುಡಿ) ಎಷ್ಟು ಸೇರಿಸುತ್ತಿದ್ದೀರಿ ಅನ್ನೋದು ಮೊದಲನೆಯದು. ಖರ್ಚು ಉಳಿಸಲು ಅದನ್ನು ಕಡಿಮೆ ಮಾಡಿದರೆ ಅಂಟುವುದು ಖಂಡಿತ. ಪುಡಿ ಇಳಿಸುವ, ತುಂಬುವ ಕೋಣೆಗೆ ಬಾಗಿಲು ಮುಚ್ಚಿ, ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಹಾಕಿಸಿ. ಗೋಡೆಗೆ ತೇವಾಂಶದ ಮೀಟರ್ ತೂಗುಹಾಕಿ, ಮುಳ್ಳು ಮೇಲೆ ಇದ್ದ ದಿನ ಪುಡಿ ತೆಗೆಯಲೇಬೇಡಿ. ಮತ್ತೆ ಸಾದಾ ಪ್ಲಾಸ್ಟಿಕ್ ಕವರ್ ಬಿಡಿ, ಅಲ್ಯೂಮಿನಿಯಂ ಫಾಯಿಲ್ ಪದರ ಇರುವ ಪೌಚ್ ತಗೊಳ್ಳಿ. ಪುಡಿ ಪೂರ್ತಿ ತಣ್ಣಗಾದ ಮೇಲೆ ತುಂಬಬೇಕು, ಆದರೆ ತೆರೆದ ತಟ್ಟೆಯಲ್ಲಿ ತಣ್ಣಗಾಗಲು ಬಿಡಬಾರದು.

ಬೇರೆಯವರಿಗೂ ಒಂದು ಮಾತು. ತಂತ್ರಜ್ಞಾನ ಕೊಳ್ಳುವ ಮೊದಲು ನಿಮ್ಮ ತೋಟದ ಹಣ್ಣು, ನಿಮ್ಮ ಬಾವಿ ನೀರು ಒಯ್ದು ಅವರ ಪೈಲಟ್ ಪ್ಲಾಂಟಿನಲ್ಲಿ ಒಂದು ಬ್ಯಾಚ್ ಮಾಡಿಸಿ. ಸಾಧ್ಯವಾದರೆ ಮಳೆಗಾಲದಲ್ಲೇ ಹೋಗಿ. ಖರ್ಚಾಗುತ್ತದೆ, ಮಷೀನಿಗೆ ಹಾಕುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಗೆಲ್ಲದ ಕತೆ ಬೇಕು ಅಂದಿರಿ. ಮಕ್ಕಳಿಗೆ ಸರಸ್ ವಿಮಾನದ ಬಗ್ಗೆ ಹೇಳಬಹುದು. ಸಿಎಸ್‌ಐಆರ್‌ನ ವಿಮಾನ ಪ್ರಯೋಗಾಲಯವಾದ ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಚಿಕ್ಕ ಪ್ರಯಾಣಿಕ ವಿಮಾನ, 2004ರಲ್ಲಿ ಮೊದಲ ಸಲ ಹಾರಿತು. 2009ರ ಮಾರ್ಚ್ 6ರಂದು ಬಿಡದಿ ಹತ್ತಿರ ಪರೀಕ್ಷೆಯ ಹಾರಾಟದಲ್ಲಿ ಬಿತ್ತು, ವಾಯುಪಡೆಯ ಮೂವರು ತೀರಿಕೊಂಡರು. ವಿನ್ಯಾಸ ಮಾಡಿದವರು ಆಮೇಲೂ ಅದನ್ನು ಬಿಡಲಿಲ್ಲ, ತಿದ್ದಿ 2018ರಲ್ಲಿ ಮತ್ತೆ ಹಾರಿಸಿದರು. ಅದೇ ಎನ್‌ಎಎಲ್ ಮಾಡಿದ ದೃಷ್ಟಿ ಅನ್ನುವ ಉಪಕರಣ ವಿಮಾನ ನಿಲ್ದಾಣಗಳಲ್ಲಿ ರನ್‌ವೇ ಪಕ್ಕ ನಿಂತು, ಮಂಜಿನಲ್ಲಿ ಎಷ್ಟು ದೂರ ಕಾಣುತ್ತದೆ ಅಂತ ಅಳೆಯುತ್ತದೆ. ಒಂದೇ ಕ್ಯಾಂಪಸ್ಸಿನಲ್ಲಿ ಒಂದು ಕೆಲಸಕ್ಕೆ ದಶಕಗಳು ಬೇಕಾಗುತ್ತವೆ, ಇನ್ನೊಂದು ಸದ್ದಿಲ್ಲದೆ ಬಳಕೆಗೆ ಬರುತ್ತದೆ. ಎರಡನ್ನೂ ಹೇಳಿ.

---

ಪುಣೆಯಲ್ಲಿ ಪಿಎಚ್‌ಡಿ

ಸರ್, ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ಸಿಎಸ್‌ಐಆರ್ ಫೆಲೋಶಿಪ್‌ನಲ್ಲಿ ರಸಾಯನಶಾಸ್ತ್ರ ಸಂಶೋಧನೆ ಮಾಡುತ್ತಿದ್ದೇನೆ. ಮನೇಲಿ ಏನಿದೆ ಅಂತ ಕೇಳಿದ ಆ ಹುಡುಗಿಗೆ ಅರಿಶಿನದ ಡಬ್ಬಿ ತೋರಿಸಿ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ಸಿಎಸ್‌ಐಆರ್ ಅದನ್ನು ಪ್ರಶ್ನೆ ಮಾಡಿತು. ನಮ್ಮಜ್ಜಿಗೆ ಗೊತ್ತಿತ್ತು ಅಂದರೆ ಪೇಟೆಂಟ್ ಕಚೇರಿ ಕೇಳಲ್ಲ, ಬರಹದ ಸಾಕ್ಷಿ ಬೇಕು. ಹಳೆಯ ಗ್ರಂಥಗಳನ್ನು, 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಲೇಖನವನ್ನು ಹುಡುಕಿ ಮುಂದಿಟ್ಟರು. 1997ರಲ್ಲಿ ಪೇಟೆಂಟ್ ರದ್ದಾಯಿತು. ಆಮೇಲೆ ಇಂಥ ತಿಳಿವಳಿಕೆಯನ್ನೆಲ್ಲ ಪೇಟೆಂಟ್ ಪರೀಕ್ಷಕರು ಓದುವ ಭಾಷೆಗಳಿಗೆ ತಂದು ಡಿಜಿಟಲ್ ಭಂಡಾರವನ್ನೇ ಕಟ್ಟಿದರು.

ಇನ್ನೊಂದು ವಿಷಯ ನಿಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರಲಿ. ಸಹೇಲಿ ಅನ್ನುವ ಗರ್ಭನಿರೋಧಕ ಮಾತ್ರೆ ಲಖನೌದ ಸಿಎಸ್‌ಐಆರ್ ಔಷಧ ಸಂಶೋಧನಾಲಯದಲ್ಲಿ ಹುಟ್ಟಿತು, 1991ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಹಾರ್ಮೋನ್ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಅದೇ ಮದ್ದು ಛಾಯಾ ಅನ್ನುವ ಹೆಸರಿನಲ್ಲಿ ಸಿಗುತ್ತದೆ.

ಫೆಲೋಶಿಪ್ ಬಗ್ಗೆಯೂ ಹೇಳಿ. ಎಂಎಸ್ಸಿ ಆದಮೇಲೆ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಬಂದರೆ ತಿಂಗಳಿಗೆ 37,000 ರೂಪಾಯಿ, 2023ರ ಜನವರಿಯಿಂದ ಈ ದರ. ಅಪ್ಪ ಅಮ್ಮನ ಹತ್ತಿರ ಕೈಚಾಚದೆ ಸಂಶೋಧನೆ ಮಾಡಬಹುದು ಅನ್ನೋದು ನಮ್ಮಂಥ ಮನೆಯವರಿಗೆ ತುಂಬಾ ದೊಡ್ಡದು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತದೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ಸದ್ಯಕ್ಕೆ ಇರುವುದು ಹೀಗೆ, ಆದ್ದರಿಂದ ಹೈಸ್ಕೂಲಿನಿಂದಲೇ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಹೇಳಿಕೊಡಿ ಸರ್.

---

ವಿಜ್ಞಾನದ ಮೇಷ್ಟ್ರು, ಶಿವಮೊಗ್ಗ ಜಿಲ್ಲೆ

ಎಲ್ಲರಿಗೂ ತುಂಬಾ ಧನ್ಯವಾದ. ಶಾಯಿ, ಹಾಲು ಎರಡೂ ಮಾಡಿಸುತ್ತೇನೆ. ಎಮ್ಮೆ ಸಾಕಿರುವ ಮನೆಯ ಹುಡುಗ ಹಾಲು ತರಲು ಆಗಲೇ ಒಪ್ಪಿದ್ದಾನೆ. ಮೈಸೂರಿನ ಹಿರಿಯರಿಗೆ ಒಂದು ಪ್ರಶ್ನೆ: ಶೈಕ್ಷಣಿಕ ಪ್ರವಾಸಕ್ಕೆ ಹೇಗೂ ಮೈಸೂರಿಗೆ ಬರುತ್ತೇವೆ. ಮಕ್ಕಳನ್ನು ಒಳಗೆ ಬಿಡುತ್ತಾರಾ?

---

ಮೈಸೂರಿನ ನಿವೃತ್ತ ಟೆಕ್ನಿಷಿಯನ್

ಬಿಡುತ್ತಾರೆ ಮೇಷ್ಟ್ರೇ, ಆದರೆ ಮೊದಲೇ ಅನುಮತಿ ಬೇಕು. ಶಾಲೆಯ ಲೆಟರ್‌ಹೆಡ್‌ನಲ್ಲಿ ನಿರ್ದೇಶಕರಿಗೆ ಪತ್ರ ಬರೆಯಿರಿ. ಎಷ್ಟು ಮಕ್ಕಳು, ಯಾವ ಕ್ಲಾಸು, ಜೊತೆಗೆ ಎಷ್ಟು ಜನ ಶಿಕ್ಷಕರು ಅಂತ ಇರಲಿ. ಶಾಲಾ ಮಕ್ಕಳಿಗಾಗಿ ಸಿಎಸ್‌ಐಆರ್‌ನಲ್ಲಿ 2017ರಿಂದ ಜಿಜ್ಞಾಸಾ ಅನ್ನುವ ಕಾರ್ಯಕ್ರಮ ಇದೆ, ಅದರ ಹೆಸರನ್ನೂ ಪತ್ರದಲ್ಲಿ ಹಾಕಿ. ಪೈಲಟ್ ಪ್ಲಾಂಟ್ ನೋಡಬೇಕು ಅಂತ ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ಸಭಾಂಗಣದಲ್ಲಿ ಕೂರಿಸಿ ವಿಡಿಯೊ ತೋರಿಸಿ ಕಳಿಸಿಬಿಡಬಹುದು. ಮಷೀನು ಓಡುತ್ತಿರುವ ದಿನ ಯಾವುದು ಅಂತ ಫೋನ್ ಮಾಡಿ ಕೇಳಿಕೊಳ್ಳಿ. ನೆಲ ಒದ್ದೆ ಇರುತ್ತದೆ, ಮಕ್ಕಳಿಗೆ ಚಪ್ಪಲಿ ಬೇಡ, ಶೂ ಹಾಕಿಸಿ. ಉದ್ದ ಜಡೆ ಇರುವ ಹೆಣ್ಣುಮಕ್ಕಳು ಜಡೆ ಮೇಲಕ್ಕೆ ಕಟ್ಟಿಕೊಂಡು ಬರಲಿ. ಬರುವ ತಾರೀಕು ಗೊತ್ತಾದ ಮೇಲೆ ಇಲ್ಲೇ ಒಂದು ಸಾಲು ಹಾಕಿ, ನಾನೂ ಗೇಟಿನ ಹತ್ತಿರ ಬರುತ್ತೇನೆ.